ಬೀದಿ ತುಳಿಯದ ಬೂಟು

ನಮ್ಮ ಡ್ರಿಲ್ ಮಾಸ್ತರರು ತೀರಿಕೊಂಡ ಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸಂತಾಪ ಸಭೆ ಮಾಡಿದರು. ನಾನೂ ಹೋಗಿದ್ದೆ. ಮಾತಾಡಿದವರೆಲ್ಲ ಅವರನ್ನು ಶಿಸ್ತಿನ ಸಿಪಾಯಿ ಎಂದರು. ಅವರ ಸೀಟಿಗೆ ಇಡೀ ಮೈದಾನ ನಡುಗುತ್ತಿತ್ತು ಎಂದರು. ಅವರ ಮೀಸೆಯ ಮೇಲೆ ಒಬ್ಬರು ಪದ್ಯವನ್ನೇ ಕಟ್ಟಿಕೊಂಡು ಬಂದಿದ್ದರು. ಎಲ್ಲವೂ ನಿಜವೇ. ಆದರೆ ಬೂಟಿನ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ. ಎತ್ತಲು ಗೊತ್ತಿದ್ದರೆ ತಾನೆ? ಗೊತ್ತಿದ್ದ ನನ್ನನ್ನು ನಾಲ್ಕು ಮಾತಾಡಿ ಎಂದು ಯಾರೂ ಕರೆಯಲಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ನಲವತ್ತರ ದಶಕದಲ್ಲಿ ನಾವಿಬ್ಬರೂ ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದೆವು. ನಾನು ಕನ್ನಡ ಕಲಿಸುತ್ತಿದ್ದೆ, ಅವರು ಡ್ರಿಲ್. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದೇ ವಾಡೆಯ ಎರಡು ಪಾಲುಗಳಲ್ಲಿ ನಮ್ಮ ಬಿಡಾರ. ನಡುವೆ ಒಂದೇ ಅಂಗಳ, ಒಂದೇ ಬಾವಿ. ಅವರ ಪಾಲಿನಲ್ಲಿ ಅವರು, ಅವರ ತಾಯಿ, ಮದುವೆಯಾಗಿ ಬಂದು ಇನ್ನೂ ಹೆಚ್ಚು ದಿನವಾಗದ ಅವರ ಹೆಂಡತಿ. ತಾಯಿ ತಿಕೋಟಾದವರು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರೆಂದರೆ ಬಾಗಿಲು, ಅಡುಗೆಮನೆ, ಅಂಗಳ ಮೂರೂ ಕಣ್ಣಳತೆಯಲ್ಲೇ. ಹೆಂಡತಿ ನಿಡೋಣಿಯ ರೈತರ ಮಗಳು. ಆಕೆ ನಕ್ಕರೆ ಬಾವಿಯ ಆಚೆಯಿದ್ದ ನಮ್ಮ ಮನೆಗೂ ಕೇಳುತ್ತಿತ್ತು. ನಕ್ಕ ಮರುಕ್ಷಣ ಅತ್ತೆಯ ನೆನಪಾಗಿ ಸೆರಗು ಬಾಯಿಗೆ ಹೋಗುತ್ತಿತ್ತು.

ಮಾಸ್ತರರು ದೊಡ್ಡ ಆಳು. ಎದೆಯೂ ದೊಡ್ಡದು, ಎದೆಗೆ ಪೈಪೋಟಿ ಕೊಡುವ ಹೊಟ್ಟೆಯೂ ಇತ್ತು. ಆದರೆ ನಡೆದರೆ ಸದ್ದೇ ಇಲ್ಲ. ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗರು ಎಲ್ಲ ಮಾಸ್ತರರ ಹೆಜ್ಜೆಯ ಸದ್ದಿಗೂ ಕಿವಿ ಕೊಟ್ಟು ಪಾರಾಗುತ್ತಿದ್ದರು, ಇವರೊಬ್ಬರಿಗೆ ಮಾತ್ರ ಸಿಕ್ಕಿಬೀಳುತ್ತಿದ್ದರು. ಇಷ್ಟು ಭಾರದ ಮನುಷ್ಯ ಇಷ್ಟು ಹಗುರಾಗಿ ಹೇಗೆ ಕಾಲಿಡುತ್ತಾನೆ ಎಂದು ನನಗೂ ಮೊದಮೊದಲು ಬೆರಗಾಗುತ್ತಿತ್ತು.

ನಮ್ಮ ಕಡೆ ಕಾಲ್ಮರಿಗೆ ಇರುವುದು ಒಂದೇ ಕಾನೂನು. ಬೀದಿಯಲ್ಲಿ ಮೆಟ್ಟು, ಹೊಸ್ತಿಲ ಹೊರಗೆ ಬಿಡು. ಅದು ರಾಜನದಿರಲಿ, ರೈತನದಿರಲಿ, ಒಳಗೆ ಬರುವಂತಿಲ್ಲ. ಡ್ರಿಲ್ ಮಾಸ್ತರರ ಹತ್ತಿರ ಇದ್ದ ಒಂದು ಜೋಡಿ ಬೂಟಿನದು ಮಾತ್ರ ಪೂರಾ ತಿರುಗಾಮುರುಗಾ. ಅದು ಒಳಗೆ ಮಾತ್ರ ಹಾಕಿಕೊಳ್ಳುವ ಬೂಟು. ಬೀದಿಗೆ ಇಳಿದರೆ ಕೆಟ್ಟುಹೋಗುತ್ತದೆ. ಮೇಲೆ ಕರಿ ತೊಗಲು, ಕೆಳಗೆ ತಳಕ್ಕೆ ಸ್ವೇಡ್ ಎಂಬ ನವಿರಾದ ತೊಗಲು. ಕೈಯಾಡಿಸಿದರೆ ಮಖಮಲ್ಲು. ಬಿಳಿ ಸಾಹೇಬರು ಮೇಡಮ್ಮನವರ ಕೈ ಹಿಡಿದು ವಾಲ್ಟ್ಸ್ ಎಂದು ಒಂದು ಕುಣಿತ ಕುಣಿಯುತ್ತಾರಲ್ಲ, ಅದಕ್ಕೆಂದೇ ಹೊಲಿಸಿದ ಬೂಟು. ‘ಜಾರಬೇಕು, ಆದ್ರ ಬೀಳಬಾರದು. ಅದಕ್ಕ ಈ ತಳಾ’ ಎಂದು ಅವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ವಿಜಾಪುರದ ಡ್ರಿಲ್ ಮಾಸ್ತರರಿಗೆ ಈ ಹುಚ್ಚು ಎಲ್ಲಿಂದ ಅಂಟಿತು? ಮುಂಬಯಿಯಿಂದ. ವ್ಯಾಯಾಮದ ತರಬೇತಿಗೆ ಅಲ್ಲಿಗೆ ಹೋದಾಗ ಗೋವೆಯ ಒಬ್ಬ ಮುದುಕರ ಮನೆಯಲ್ಲಿ ಇಳಿದುಕೊಂಡಿದ್ದರು. ಮುದುಕರು ಸಾಹೇಬರು ಕುಣಿಯಲು ಬರುವ ನಾಚ್ ಘರ್ ಒಂದರಲ್ಲಿ ಬ್ಯಾಂಡ್ ಬಾರಿಸುವವರು. ಸಂಜೆ ಬೇಸರ ಕಳೆಯಲು ಇವರಿಗೆ ಹೆಜ್ಜೆ ಕಲಿಸಿದರು. ಜೊತೆಗೆ ಕುಣಿಯಲು ಹೆಣ್ಣುಮಕ್ಕಳನ್ನು ಎಲ್ಲಿಂದ ತರಬೇಕು? ಇವರ ಕೈಗೆ ಒಂದು ಕುರ್ಚಿ ಕೊಟ್ಟರು. ತರಬೇತಿ ಮುಗಿಯುವವರೆಗೂ ಇವರು ಕುರ್ಚಿಯನ್ನು ಅಪ್ಪಿಕೊಂಡೇ ಕುಣಿದರು. ಹೊರಡುವ ಮುಂಚೆ ಮುದುಕರೇ ತಮಗೆ ಗುರುತಿದ್ದ ಮೋಚಿಯಿಂದ ಇವರ ಕಾಲಿನ ಅಳತೆಗೆ ಬೂಟು ಹೊಲಿಸಿಕೊಟ್ಟು, ‘ಮೊದಲ ಸುತ್ತು ಹೆಂಡತಿಯ ಜೊತೆ’ ಎಂದು ಹರಸಿ ಕಳಿಸಿದರಂತೆ. ಆಗ ಇವರಿಗೆ ಮದುವೆಯೂ ಆಗಿರಲಿಲ್ಲ.

ಬೂಟು ಊರಿಗೆ ಬಂದ ದಿನ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಅದನ್ನು ಮಾಸ್ತರರೇ ಅಭಿನಯ ಮಾಡಿ ತೋರಿಸುತ್ತಿದ್ದರು.

‘ತೊಗಲಿನ ಕಾಲ್ಮರಿ ಮನಿಯೊಳಗ? ದೇವರ ಮಾಡದ ಎದುರಿಗೆ? ನಿನಗ ಬುದ್ಧಿಗಿದ್ಧಿ ಐತೋ ಇಲ್ಲೋ?’ ಎಂದು ತಾಯಿ.

‘ಯವ್ವಾ, ಗುಡಿಯೊಳಗ ನಗಾರಿ ಐತಲ್ಲ, ಅದೂ ತೊಗಲಿಂದಽ ಅಲ್ಲೇನು?’

‘ನಗಾರಿ ಯಾರರೆ ಕಾಲಾಗ ಹಾಕ್ಕೋತಾರೇನಲೇ?’

ಕೊನೆಗೆ ತಾಯಿಯೇ ಕರಗಿ ಒಂದು ಕರಾರು ಹಾಕಿದರು. ‘ಬೀದಿ ತುಳದಿಲ್ಲ ಅಂತೀ, ಇರಲಿ. ತುಳದ ದಿವಸ ಅದೂ ಹೊರಗ, ನೀನೂ ಹೊರಗ.’ ಹೀಗೆ ಆ ಬೂಟು ಒಳಗಿನ ಗೂಟಕ್ಕೆ, ದೇವರ ಮಾಡಕ್ಕೆ ಬೆನ್ನು ಮಾಡಿ, ಹಳೆಯ ಧೋತರದ ಚೀಲದಲ್ಲಿ ನೇತುಬಿದ್ದಿತು.

ರವಿವಾರ ಸ್ನಾನವಾದ ಮೇಲೆ ಅದರ ಸೇವೆ. ನಾನು ಎಷ್ಟೋ ಸಲ ಚಹಾದ ಬಟ್ಟಲು ಹಿಡಿದುಕೊಂಡು ಎದುರಿಗೆ ಕುಳಿತು ನೋಡಿದ್ದೇನೆ. ಮೊದಲು ಕೈ ಒರೆಸಿಕೊಳ್ಳುವರು. ಒದ್ದೆ ಕೈಯಲ್ಲಿ ಚೀಲದ ಗಂಟು ಸಹ ಬಿಚ್ಚುತ್ತಿರಲಿಲ್ಲ. ಒಳಗೆ ಗಿರಣಿಯ ಅರಳೆ ತುಂಬಿರುತ್ತಿತ್ತು, ಬೂಟಿನ ಆಕಾರ ಕೆಡಬಾರದೆಂದು. ಅದನ್ನು ತೆಗೆದು ಬಿಡಿಸಿ ನೆರಳಿಗೆ ಹರಡುವರು. ಆಮೇಲೆ ತಳವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನವಿರು ಎಲ್ಲಿ ಒತ್ತಿಕೊಂಡು ಹೊಳಪಾಗಿದೆ ಎಂದು ಹುಡುಕುವರು. ಹೊಳಪು ಕಂಡರೆ ಅವರಿಗೆ ಸಂಕಟ. ಬೇರೆಯವರ ಬೂಟು ಹೊಳೆಯಬೇಕು, ಇವರದು ಹೊಳೆಯಬಾರದು. ಅಕ್ಕಸಾಲಿಗನಿಂದ ಕಾಡಿ ಬೇಡಿ ತಂದ ಹಿತ್ತಾಳೆ ತಂತಿಯ ಸಣ್ಣ ಬ್ರಷ್ ಇತ್ತು. ಅದರಿಂದ ಹಿಮ್ಮಡಿಯಿಂದ ಬೆರಳಿನ ಕಡೆಗೆ ಹಗುರಾಗಿ ಎಳೆದು ನವಿರನ್ನು ಎಬ್ಬಿಸುವರು. ಕುದುರೆಯ ಮೈ ತಿಕ್ಕಿದ ಹಾಗೆ.

ಎದ್ದ ಧೂಳನ್ನು ಬಾಯಿಂದ ಊದುವಂತಿಲ್ಲ. ಒಮ್ಮೆ ನಾನು ಉಪಕಾರ ಮಾಡಲು ಹೋಗಿ ಉಫ್ ಎಂದೆ. ಬೂಟನ್ನು ಎದೆಗೆ ಅವಚಿಕೊಂಡು ಸಿಡುಕಿದರು.

‘ಏನ್ ಮಾಡ್ತೀರಿ ಮಾಸ್ತರ! ಬಾಯಿ ಗಾಳ್ಯಾಗ ಎಂಜಲಿರ್ತೈತ್ರಿ!’

ಕಂಬಕ್ಕೆ ಒರಗಿದ್ದ ತಾಯಿ ತಲೆದೂಗಿದರು. ಬೂಟಿನ ವಿಷಯದಲ್ಲಿ ಮಗನ ಒಂದೇ ಒಂದು ಮಾತು ಆಕೆಗೆ ಒಪ್ಪಿಗೆಯಾದದ್ದು ಇದೇ ಇರಬೇಕು.

ಒಂದು ಮಳೆಗಾಲ ವಾಡೆಯ ಮಾಳಿಗೆ ಸೋರಿತು. ಎಲ್ಲರೂ ಇದ್ದಬದ್ದ ಪಾತ್ರೆ ತಂದು ಹನಿಗಳ ಕೆಳಗಿಟ್ಟರು. ಮನೆಯ ದೊಡ್ಡ ಕೊಪ್ಪರಿಗೆ ಮಾತ್ರ ಎಲ್ಲೂ ಕಾಣಿಸಲಿಲ್ಲ. ಹೆಂಡತಿ ಹುಡುಕಿ ಹುಡುಕಿ ಸಾಕಾಗಿ ನೋಡಿದರೆ, ಕೊಪ್ಪರಿಗೆ ಒಳಮನೆಯಲ್ಲಿ ಬೋರಲು ಬಿದ್ದಿತ್ತು, ಅದರ ಕೆಳಗೆ ಬೂಟಿನ ಚೀಲ ಬೆಚ್ಚಗಿತ್ತು. ಪಕ್ಕದಲ್ಲಿ ಮಾಸ್ತರರು ತೊಪ್ಪನೆ ತೋಯ್ದು ನಿಂತಿದ್ದರು. ‘ನಾ ತೋಯ್ದ್ರ ಒಣಗ್ತೇನಿ, ಅದು ತೋಯ್ದ್ರ ಕೆಡತೈತಿ’ ಎಂದರಂತೆ. ಇನ್ನೊಮ್ಮೆ ಊರಿಗೆ ಬಂದ ನಾಟಕ ಕಂಪನಿಯವರು ಸಾಹೇಬನ ಪಾತ್ರಕ್ಕೆ ಬೂಟು ಕೇಳಿಕೊಂಡು ಬಂದರು. ‘ಬೂಟು ಕೊಡಂಗಿಲ್ರಿ. ಬೇಕಾದ್ರ ಸಾಹೇಬನ ಪಾರ್ಟಿಗೆ ನಾನಽ ಬರ್ತೇನಿ’ ಎಂದರು ಇವರು. ಕಂಪನಿಯವರು ಮೀಸೆ ನೋಡಿ, ಹೊಟ್ಟೆ ನೋಡಿ, ನಮಸ್ಕಾರ ಮಾಡಿ ಹೋದರು.

ಅವರ ಇನ್ನೊಂದು ಚಟವೆಂದರೆ ನೆಲ ನೋಡುವುದು. ಯಾರ ಮನೆಗೆ ಹೋದರೂ ಜನರ ಮುಖಕ್ಕಿಂತ ಮೊದಲು ನೆಲ ನೋಡುತ್ತಿದ್ದರು. ಸಾರಿಸಿದ ನೆಲವಾದರೆ ಸಗಣಿ ನವಿರಿಗೆ ಮೆತ್ತುತ್ತದೆ ಎಂದು ಮುಖ ಸಿಂಡರಿಸುವರು. ಒರಟು ಫರಸಿಕಲ್ಲಿನ ನೆಲವಾದರೆ ನಿಟ್ಟುಸಿರು. ಊರೆಲ್ಲ ಸುತ್ತಿ ಕೊನೆಗೆ ಅವರ ಮನಸ್ಸಿಗೆ ಬಂದದ್ದು ಜೋರಾಪುರ ಪೇಟೆಯ ಕಟ್ಟಿಗೆ ವ್ಯಾಪಾರಿ ಸಾಹೇಬರ ಅಟ್ಟ. ಸಾಗವಾನಿ ಹಲಗೆಯ ನೆಲ, ಸಂದಿಲ್ಲದ ಹಾಗೆ ಅಂಚಿಗೆ ಅಂಚು ಕೂಡಿಸಿದ್ದು. ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದರು. ಸಾಹೇಬರು ಮಾಸ್ತರರೆಂದರೆ ಜೀವ ಬಿಡುವ ಮನುಷ್ಯ, ಕೂಡಲೇ ಒಪ್ಪಿದರು. ಇವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒರೆಸಿಕೊಂಡು ಮೇಲೆ ಹತ್ತಿದರು. ಅಲ್ಲಿ ಕುಳಿತು ಚೀಲ ಬಿಚ್ಚಿ ಬೂಟು ಹಾಕಿಕೊಂಡರು.

‘ಅರೇ ಮಾಸ್ತರ್ ಸಾಬ್, ಇದೇನ್ ಉಲ್ಟಾ ಕಾರಭಾರಾರೀ? ಹೊರಗ ಬಿಚ್ಚಿ ಒಳಗ ಹಾಕ್ಕೊಂಡ್ರಿ?’

‘ಇದು ಹಂಗಽರಿ ಸಾಹೇಬ್ರ. ನಿಮ್ಮ ಕುರ್ಚಿ ಒಂದ ಕೊಡ್ರಿ.’

ಕುರ್ಚಿ ಬಂತು. ಮಾಸ್ತರರು ಅದನ್ನು ಎದೆಗೆ ಹಿಡಿದು, ತಲೆ ಎತ್ತಿ, ತಿರುಗತೊಡಗಿದರು. ನಾನು ನಕ್ಕೇಬಿಡುತ್ತೇನೆ ಎಂದು ತುಟಿ ಕಚ್ಚಿ ಕುಳಿತವನು ನಗುವುದನ್ನೇ ಮರೆತೆ. ಅಷ್ಟು ದೊಡ್ಡ ದೇಹ ಆ ಹಲಗೆಯ ಮೇಲೆ ನೀರಿನಂತೆ ಹರಿಯಿತು. ಹಲಗೆ ಕಿರ್ರೆನ್ನಲಿಲ್ಲ. ಕೆಳಗಿನ ಅಂಗಡಿಯ ಗುಮಾಸ್ತರು ಏಣಿಯ ತುದಿಯಲ್ಲಿ ತಲೆ ಮೇಲೆ ತಲೆ ಇಟ್ಟು ನೋಡಿದರು.

‘ಮಾಸ್ತರ್, ಕುರ್ಚಿ ಜೋಡಿ ಕುಣಿಯೂ ಮನಶ್ಯಾನ್ನ ಇದಽ ಮೊದಲ ನೋಡಾಕತ್ತೇನಿ’ ಎಂದರು ಸಾಹೇಬರು. ‘ಮನಶ್ಯಾರ ಜೋಡಿ ಕುಣಿಯೂದು ಯಾವಾಗರೀ?’

ಮಾಸ್ತರರು ಕುರ್ಚಿ ಕೆಳಗಿಟ್ಟು ಬೆವರು ಒರೆಸಿಕೊಂಡರು. ಮನೆಗೆ ಮರಳುವಾಗ ದಾರಿಯಲ್ಲಿ ನನಗೆ ಹೇಳಿದರು: ‘ಸಾಹೇಬ್ರು ಖರೇ ಹೇಳಿದ್ರು ನೋಡ್ರಿ. ಇಷ್ಟ ವರ್ಷ ತಿಕ್ಕೇನಿ, ಅರಳಿ ತುಂಬೇನಿ, ಕಾದೇನಿ. ಒಮ್ಮೆರೆ ಮನಶ್ಯಾರ ಕೈ ಹಿಡ್ಕೊಂಡ ಕುಣದಿಲ್ಲ. ಆಕಿ ಜೋಡಿ ಒಂದ ಸುತ್ತ ಆದ್ರ ಸಾಕ್ರಿ ನನಗ. ಆಮ್ಯಾಲೆ ಈ ಬೂಟು ಇಲಿ ತಿಂದ್ರೂ ಚಿಂತಿಲ್ಲ.’

ಆ ದೊಡ್ಡ ಮೀಸೆಯ ಹಿಂದೆ ಇಷ್ಟು ಸಣ್ಣ ಆಸೆ ಇದೆ ಎಂದು ನನಗೆ ಅಂದೇ ತಿಳಿದದ್ದು. ಅಂದಿನಿಂದ ಅವರನ್ನು ಚೇಷ್ಟೆ ಮಾಡುವಾಗ ನನ್ನ ನಾಲಿಗೆ ಸ್ವಲ್ಪ ಮೆತ್ತಗಾಯಿತು.

ಹೆಂಡತಿಯನ್ನು ಕೇಳಿರಲಿಲ್ಲವೆಂದಲ್ಲ. ಮದುವೆಯಾದ ಹೊಸದರಲ್ಲೇ ಕೇಳಿದ್ದರು. ಆಕೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕು, ಆಮೇಲೆ ಕಣ್ಣು ದೊಡ್ಡದು ಮಾಡಿ ಹೇಳಿದ್ದಳಂತೆ: ‘ಅತ್ತಿ ಮುಂದ ನಿಮ್ಮ ಹೆಸರ ಹೇಳಾಕಽ ನಾಚಿಕಿ ನನಗ. ಇನ್ನ ನಿಮ್ಮ ಕೈ ಹಿಡ್ಕೊಂಡ ಗಿರಕಿ ಹೊಡೀಲ್ಯಾ?’ ಬೇಡಿಕೊಂಡ ಮೇಲೆ ಒಂದು ದಾರಿ ತೋರಿಸಿದ್ದಳು. ‘ಅತ್ತಿ ಮನ್ಯಾಗಿಲ್ಲದ ದಿವಸ. ಒಂದಽ ಸುತ್ತ ಮತ್ತ.’

ಅತ್ತೆ ಮನೆಯಲ್ಲಿಲ್ಲದ ದಿನ ಎಂಬುದು ಆ ಮನೆಯ ಪಂಚಾಂಗದಲ್ಲಿ ಇರಲಿಲ್ಲ. ಆಕೆ ಕಂಬ ಬಿಟ್ಟು ಹೋಗುತ್ತಿದ್ದುದೇ ಅಪರೂಪ. ಮಾಸ್ತರರು ಕಾದರು, ಬ್ರಷ್ ಎಳೆದರು, ಮತ್ತೆ ಕಾದರು. ಕೊನೆಗೆ ಒಂದು ಚಳಿಗಾಲ, ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಹೊತ್ತಿಗೆ, ತಿಕೋಟಾದ ತಮ್ಮನ ಹೊಲದಿಂದ ಆಕೆಗೆ ಕರೆ ಬಂತು. ಸೀತನಿಯ ಆಸೆ ಕಂಬವನ್ನು ಬಿಡಿಸಿತು. ಬಂಡಿ ಓಣಿಯ ತಿರುವು ದಾಟುವವರೆಗೂ ಮಾಸ್ತರರು ಬಹಳ ವಿನಯದಿಂದ ಕೈಮುಗಿದು ನಿಂತಿದ್ದರು. ಆಮೇಲೆ ನೇರ ನನ್ನ ಮನೆಗೆ ಬಂದರು. ನಾನು ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದೆ. ಅವರ ವಾಲ್ಟ್ಸಿನ ಒಂದು-ಎರಡು-ಮೂರು ನಮ್ಮ ದಾದರಾ ತಾಳಕ್ಕೆ ಸರಿಯಾಗಿ ಕೂಡುತ್ತದೆ ಎಂದು ಮೊದಲೇ ಇಬ್ಬರೂ ಲೆಕ್ಕ ಹಾಕಿದ್ದೆವು. ‘ಸಂಜಿಮುಂದ ತಯಾರಿರ್ರಿ’ ಎಂದು ಹೇಳಿ ಹೋದರು.

ಸಂಜೆಗೆ ಬಂದದ್ದು ಮಾವನವರು. ಹತ್ತಿ ಮಾರಲು ಪೇಟೆಗೆ ಬಂದವರು, ನಿಡೋಣಿಯಿಂದ ಬಬಲೇಶ್ವರದವರೆಗೆ ಬಂಡಿಯಲ್ಲಿ, ಅಲ್ಲಿಂದ ಮೋಟಾರಿನಲ್ಲಿ ಕುಲುಕಾಡಿಕೊಂಡು, ಮಗಳಿಗೆಂದು ಒಂದು ಚೀಲ ಸೀತನಿ ಹೊತ್ತುಕೊಂಡು ಬಾಗಿಲಿಗೆ ಬಂದು ನಿಂತರು. ಬೀಗಿತ್ತಿ ಊರಲ್ಲಿಲ್ಲ ಎಂದು ಕೇಳಿ, ಮಗಳು ಒಬ್ಬಳೇ ಆದಾಳೆಂದು ಹತ್ತಿ ಮಾರಿದ ಮೇಲೂ ಉಳಿದರು. ಮಾಸ್ತರರು ‘ಇರ್ರಿ, ಇರ್ರಿ’ ಎಂದರು. ಅನ್ನದೆ ಏನು ಮಾಡಿಯಾರು?

ಮಾವನವರು ಬಂಗಾರದಂಥ ಮನುಷ್ಯ. ಆದರೆ ಸುಮ್ಮನೆ ಕೂರುವ ಜಾಯಮಾನವಲ್ಲ. ಒಂದು ದಿನ ನಾವಿಬ್ಬರೂ ಸಾಲೆಗೆ ಹೋದಾಗ ಮಗಳ ಮನೆಯಲ್ಲಿ ರಿಪೇರಿಯಾಗಬೇಕಾದ್ದು ಏನಿದೆ ಎಂದು ಹುಡುಕಿದ್ದಾರೆ. ಮಗಳು ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಇವರ ಕೈಗೆ ಗೂಟದ ಚೀಲ ಸಿಕ್ಕಿದೆ.

ಸಂಜೆ ನಾವು ಅಂಗಳಕ್ಕೆ ಕಾಲಿಟ್ಟರೆ ಗೋಡೆಯ ಮೇಲೆ, ಇಳಿಬಿಸಿಲಿನಲ್ಲಿ, ಬೂಟು ಎರಡೂ ಅಂಗಾತ ಬಿದ್ದು ಥಳಥಳ ಹೊಳೆಯುತ್ತಿದ್ದವು. ತಳವೂ ಹೊಳೆಯುತ್ತಿತ್ತು. ಕೆಳಗೆ ಮಾವನವರು ಎಣ್ಣೆಗೈಯನ್ನು ಮೊಣಕಾಲಿಗೆ ಒರೆಸಿಕೊಳ್ಳುತ್ತ ಹಿಗ್ಗಿನಿಂದ ಕುಳಿತಿದ್ದರು.

‘ಬರ್ರಿ ಅಳಿಯಂದ್ರ. ಬೂಟಿನ ತಳಾ ನೋಡಿದ್ದಿಲ್ಲೇನು ನೀವು? ಪೂರಾ ಒಣಗಿ ನಾರ ಎದ್ದಿತ್ತು. ಇಂಥಾ ದೊಡ್ಡ ಸಾಲ್ಯಾಗ ನೌಕರಿ ಮಾಡ್ತೀರಿ, ಕಾಲಾಗಿಂದಕ್ಕ ಈಟ ಎಣ್ಣಿ ಕಾಣಸೂದ ಬ್ಯಾಡೇನು? ಕುಸುಬಿ ಎಣ್ಣಿ ಕುಡಿಸೇನಿ. ನಮ್ಮ ಬಾವಿಯಿಂದ ನೀರ ಎತ್ತೂ ತೊಗಲಿನ ಮೊಟ್ಟಿಗೂ ಇದಽ ಎಣ್ಣಿ, ಎಷ್ಟ ವರ್ಷಾತು, ಇನ್ನೂ ಹರದಿಲ್ಲ. ನಾಳೆ ಮೋಚಿ ಹಂತ್ಯಾಕ ಒಯ್ದು ಕಬ್ಬಿಣದ ನಾಲ ಬಡಿಸಿಬಿಟ್ಟ್ರ ಮೊಮ್ಮಕ್ಕಳ ಕಾಲಕ್ಕೂ ಸವಿಯಂಗಿಲ್ಲ ನೋಡ್ರಿ.’

ಅವರದೇನು ತಪ್ಪು? ನಮ್ಮ ಸೀಮೆಯಲ್ಲಿ ತೊಗಲು ಕಂಡರೆ ಎಣ್ಣೆ ಉಣಿಸುವುದೇ ಪ್ರೀತಿ. ಎಣ್ಣೆ ಕಾಣದ ಕಾಲ್ಮರಿ ಎಂದರೆ ಯಜಮಾನ ದರಿದ್ರ ಎಂದೇ ಅರ್ಥ. ಅಳಿಯನ ಮಾನ ಉಳಿಸಿದೆ ಎಂಬ ಸಂತೋಷ ಅವರ ಮುಖದ ತುಂಬ ಇತ್ತು. ನಾನು ಡ್ರಿಲ್ ಮಾಸ್ತರರ ಮುಖ ನೋಡಲು ಹೆದರಿದೆ.

‘ಚಲೋ ಮಾಡಿದ್ರಿ ಮಾವಾರ’ ಎಂದರು ಮಾಸ್ತರರು. ಬೂಟನ್ನು ಗೋಡೆಯಿಂದ ಇಳಿಸುತ್ತ, ‘ನಾಲ ಬ್ಯಾಡ್ರಿ’ ಎಂದರು.

ಮರುದಿನ ಮೈದಾನದಲ್ಲಿ ಅವರು ಸೀಟಿ ಊದಲಿಲ್ಲ. ಹುಡುಗರು ಸಾಲಾಗಿ ನಿಂತರು, ಕಾದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀಟಿಗಿಂತ ಆ ಮೌನಕ್ಕೆ ಹೆಚ್ಚು ಹೆದರಿದರು. ಮಾವನವರು ಆ ದಿನವೇ ತೃಪ್ತಿಯಿಂದ ಊರಿಗೆ ಹೊರಟರು. ಅವರನ್ನು ಮೋಟಾರು ಹತ್ತಿಸಿ ಬಂದ ಮೇಲೆ ಮಾಸ್ತರರು ಬೂಟನ್ನು ಎತ್ತಿಕೊಂಡು ತಳಕ್ಕೆ ಕೈಯಾಡಿಸಿದರು. ನವಿರೆಲ್ಲ ಅಂಟಿಕೊಂಡು ತಳ ಬಿರುಸಾಗಿ ಬಿಸಿಲಿಗೆ ಸೆಟೆದಿತ್ತು. ಹಾಗೆಯೇ ಒಯ್ದು ಹೊಸ್ತಿಲ ಹೊರಗೆ, ಚಪ್ಪಲಿಗಳ ಸಾಲಿನಲ್ಲಿ ಇಟ್ಟರು.

ನನಗೆ ತಡೆಯಲಿಲ್ಲ. ಕಟ್ಟೆಯ ಮೇಲೆ ಕುಳ್ಳಿರಿಸಿಕೊಂಡು, ‘ಬೂಟ ಹೋದ್ರ ಹೋಗಲಿ ಬಿಡ್ರಿ, ಬರಿಗಾಲಲೆ ಒಂದ ಸುತ್ತ ಆಗಲಿ. ನಿಮ್ಮ ತಾಯಿ ಇನ್ನೂ ಬಂದಿಲ್ಲ’ ಎಂದೆ.

‘ಬರಿಗಾಲಲೆ ಕುಣಿಯಾಕ ನಾ ಏನ ಕರಡಿ ಏನ್ರಿ?’ ಎಂದು ರೇಗಿದರು. ಆಮೇಲೆ ದನಿ ತಗ್ಗಿತು. ‘ನನ್ನ ಭಾರ ನಿಮಗ ಗೊತ್ತೈತಿ. ಆಕಿಗೆ ಹೆಜ್ಜಿ ಬರೂದಿಲ್ಲ, ಕಾಲ ತಪ್ಪಿ ಆಕಿ ಕಾಲ ಮ್ಯಾಲೆ ಕಾಲ ಬಿದ್ರ? ನೋಯಬಾರದಂತ ಅಷ್ಟ ಮೆತ್ತಗ ಇಟ್ಟಿದ್ದೆ ಮಾಸ್ತರ. ಈಗ ನೋಡ್ರಿ, ಕಟ್ಟಿಗಿ ಆಗೇತಿ.’

ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು. ಆಕೆ ಅಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ನೋಡಿದರೆ ಹೊಸ್ತಿಲ ಹೊರಗೆ ಬೂಟು ಇರಲಿಲ್ಲ. ಅಲ್ಲಿಯವರೆಗೆ ಅದನ್ನು ಬೆರಳಿಂದಲೂ ಮುಟ್ಟದಿದ್ದ ಆಕೆ ಒಳಗೆ ತೆಗೆದುಕೊಂಡು ಹೋಗಿದ್ದಳು. ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಹೆಂಗಸರು ಹಿಟ್ಟು ಉದುರಿಸಿ ಎಣ್ಣೆ ಹೀರಿಸುವುದಿಲ್ಲವೆ? ಆಕೆಯೂ ಹಾಗೇ ಮಾಡಿದಳು. ತಳದ ಮೇಲೆ ಜೋಳದ ಹಿಟ್ಟು ದಪ್ಪಗೆ ಒತ್ತುವುದು, ಅದು ಎಣ್ಣೆ ಕುಡಿದು ಮುದ್ದೆಯಾದ ಮೇಲೆ ಕೆರೆದು ತೆಗೆಯುವುದು, ಮತ್ತೆ ಹೊಸ ಹಿಟ್ಟು. ನಾನು ಸಾಲೆಯಿಂದ ಕರಿಹಲಗೆಯ ಕೆಳಗೆ ಉದುರಿದ ಖಡುವಿನ ಪುಡಿ ಬಳಿದು ತಂದುಕೊಟ್ಟೆ, ಅದು ಹಿಟ್ಟಿಗಿಂತ ಚೆನ್ನಾಗಿ ಹೀರಿತು. ಆಮೇಲೆ ಅಕ್ಕಸಾಲಿಗನ ಬ್ರಷ್. ಗಂಡ ಎಳೆಯುತ್ತಿದ್ದ ಹಾಗೇ, ಹಿಮ್ಮಡಿಯಿಂದ ಬೆರಳಿನ ಕಡೆಗೆ. ಪ್ರತಿ ರವಿವಾರ ಆಕೆ ಅಡುಗೆಮನೆಯಿಂದ ಎಷ್ಟು ಗಮನವಿಟ್ಟು ನೋಡಿದ್ದಳೆಂದು ಆಗ ಗೊತ್ತಾಯಿತು. ಮಾಸ್ತರರು ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. ಆಸೆ ಇಟ್ಟುಕೊಂಡು ಮತ್ತೆ ಸೋಲಲು ಅವರಿಗೆ ಧೈರ್ಯವಿರಲಿಲ್ಲ.

ಆಕೆ ಹೀಗೆ ಪಡಸಾಲೆಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಬೂಟು ಇಟ್ಟುಕೊಂಡು, ಪಕ್ಕದಲ್ಲಿ ಹಿಟ್ಟಿನ ಪರಾತ ಇಟ್ಟುಕೊಂಡು ಕುಳಿತಿದ್ದಾಗಲೇ ತಿಕೋಟಾದ ಬಂಡಿ ಬಂದು ಬಾಗಿಲಲ್ಲಿ ನಿಂತಿತು. ಅದೇ ಹೊತ್ತಿಗೆ ನಾವೂ ಸಾಲೆಯಿಂದ ಬಂದೆವು. ತಾಯಿ ಹೊಸ್ತಿಲಲ್ಲೇ ‘ಹಾ!’ ಎಂದು ಎದೆ ಮೇಲೆ ಕೈ ಇಟ್ಟುಕೊಂಡರು.

‘ಅಯ್ಯ ಯವ್ವಾ! ಉಣ್ಣೂ ಹಿಟ್ಟ ಕಾಲ್ಮರಿಗೆ ಹಚ್ಚಾಕತ್ತೀಯಲ್ಲಬೇ! ನಾ ನಾಕ ದಿವಸ ಊರಿಗೆ ಹೋಗೂದಽ ತಪ್ಪೇನ?’

ಸೊಸೆ ಗಡಬಡಿಸಿ ಎದ್ದಳು. ಬೂಟು ಬಿಡಲಿಲ್ಲ. ಆ ಮನೆಗೆ ಬಂದ ಮೇಲೆ ಅತ್ತೆಯ ಮುಖ ನೋಡಿ ಆಕೆ ಆಡಿದ ಮೊದಲ ಮಾತು ಅದಿರಬೇಕು.

‘ಅವರು ನಕ್ಕು ಭಾಳ ದಿವಸಾತ್ರಿ ಅತ್ತಿ’ ಎಂದಳು.

ತಾಯಿ ಸೊಸೆಯನ್ನು ನೋಡಿದರು, ಬಾಗಿಲಲ್ಲಿ ಕಳ್ಳನಂತೆ ನಿಂತಿದ್ದ ಮಗನನ್ನು ನೋಡಿದರು. ಗಂಟು ಕೆಳಗಿಟ್ಟು ಬಂದು ಬೂಟಿಗೆ ಕೈ ಚಾಚಿದರು. ತಳದ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಮ್ಮೆ ಆಡಿಸಿದರು.

‘ಕರುವಿನ ಕಿವಿ ಇದ್ದಂಗ ಐತಲ್ಲೋ ಇದು’ ಎಂದರು.

ಮಾಸ್ತರರು ಒಂದೇ ಜಿಗಿತಕ್ಕೆ ಒಳಗೆ ಬಂದು ಬೂಟು ಕಸಿದುಕೊಂಡು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ತಳದ ಬಣ್ಣ ಕಪ್ಪಾಗಿತ್ತು, ಅಲ್ಲಲ್ಲಿ ಮಚ್ಚೆ ಉಳಿದಿದ್ದವು. ಆದರೆ ನವಿರು ಎದ್ದಿತ್ತು. ಅವರು ಹೆಂಡತಿಯನ್ನು ನೋಡಿದ ರೀತಿಯನ್ನು ನಾನು ನೋಡಬಾರದಿತ್ತೇನೋ, ತಲೆ ತಗ್ಗಿಸಿದೆ.

‘ಇದನ್ನ ಹಾಕ್ಕೊಂಡ ಏನ ಮಾಡ್ತೀ ನೀ?’ ಎಂದರು ತಾಯಿ.

‘ಕುಣೀತೇನಿ ಯವ್ವಾ.’

‘ಯಾರ ಜೋಡಿ?’

ಸೊಸೆಯ ಮುಖ ಸೆರಗಿನೊಳಗೆ ಹೋಯಿತು. ತಾಯಿ ಕಂಬದವರೆಗೆ ನಡೆದು ಹೋಗಿ, ಕೂರದೆ ನಿಂತರು.

‘ನಾ ಇಲ್ಲದಾಗ ಕುಣೀಬೇಕಂತ ಮಾಡಿದ್ರೇನು?’

‘ಹೂಂನ್ರಿ’ ಎಂದಿತು ಸೆರಗು.

‘ನನ್ನ ಮನಿ ಬಿಟ್ಟ ನಾ ಇನ್ನ ಎಲ್ಲೂ ಹೋಗಂಗಿಲ್ಲ. ಬಂಡ್ಯಾಗ ಕುಂತು ಸೊಂಟ ಹೋಗೇತಿ.’ ಹೀಗೆಂದು ಆಕೆ ಹಿಟ್ಟಿನ ಪರಾತವನ್ನು ಕಾಲಿಂದ ಬದಿಗೆ ಸರಿಸಿದರು, ಗೋಡೆಯ ಹತ್ತಿರ ಹೋಗಿ ನಮಗೆಲ್ಲ ಬೆನ್ನು ಮಾಡಿ ಕುಳಿತರು. ‘ಗ್ವಾಡಿ ಕಡೆ ಮಾರಿ ಮಾಡೇನಿ. ನನಗೇನೂ ಕಾಣಂಗಿಲ್ಲ. ಅದೇನ ಕುಣೀತೀರಿ ಕುಣೀರಿ.’

ನಾನು ಓಡಿಹೋಗಿ ತಬಲಾ ತಂದೆ. ಗಂಡ ಹೆಂಡತಿಯ ಎದುರಿಗೆ ಕೂರಬೇಕೆನ್ನುವಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು.

‘ಮಾಸ್ತರ, ನೀವೂ ಈ ಕಡೆ ಮಾರಿ ಮಾಡ್ರಿ. ಹುಡುಗಿ ನಾಚ್ಕೋತೈತಿ.’

ಹಾಗಾಗಿ ನಾನು ಆ ಕುಣಿತವನ್ನು ನೋಡಲಿಲ್ಲ. ವಯಸ್ಸಾದ ಹೆಂಗಸಿನ ಪಕ್ಕದಲ್ಲಿ, ಸುಣ್ಣದ ಗೋಡೆ ನೋಡುತ್ತ, ಧಾ ಧಿ ನಾ, ಧಾ ತಿ ನಾ ಎಂದು ಬಾರಿಸಿದೆ. ಬೆನ್ನ ಹಿಂದೆ ಬೂಟಿನ ಸದ್ದಿಗಾಗಿ ಕಿವಿ ಇಟ್ಟೆ. ಸದ್ದೇ ಇಲ್ಲ. ಕೇಳುತ್ತಿದ್ದುದು ಫರಸಿಯ ಮೇಲೆ ಆಕೆಯ ಕಾಲುಂಗುರದ ಟಿಕ್ ಟಿಕ್ ಮಾತ್ರ. ಮೊದಲು ಅದು ತಾಳ ತಪ್ಪಿತು, ನಿಂತಿತು, ಮತ್ತೆ ಹೊರಟಿತು. ಆಮೇಲೆ ತಾಳಕ್ಕೆ ಕೂಡಿತು. ಅಷ್ಟರಲ್ಲಿ ಆಕೆಯ ನಗು. ಸೆರಗು ಅಡ್ಡ ಬಾರದ ಪೂರ್ತಿ ನಗು, ಬಾವಿಯ ಆಚೆಗೂ ಕೇಳುವಂಥದು. ಅದರ ಬೆನ್ನಿಗೇ ಮಾಸ್ತರರ ಗಡಸು ನಗು. ನನ್ನ ಕಣ್ಣು ತುಂಬಿ ಗೋಡೆ ಮಂಜಾಯಿತು.

ತಾಯಿ ತಿರುಗಲಿಲ್ಲ. ಗೋಡೆಗೇ ಕೇಳಿದರು.

‘ಒಂದ ಸುತ್ತ ಮುಗೀತೇನೋ?’

‘ಮುಗೀತ ಯವ್ವಾ’ ಎಂದು ಏದುಸಿರಿನ ನಡುವೆ ಮಗ.

ನಾನು ತಬಲಾದ ಮೇಲಿಂದ ಕೈ ಎತ್ತಿದೆ. ತಾಯಿ ನನ್ನ ಮಂಡಿಯನ್ನು ಮೊಣಕೈಯಿಂದ ತಿವಿದರು.

‘ನಿಮಗ ಯಾರ ನಿಲ್ಲಸಂದ್ರು? ಬಾರಸ್ರಿ ಮಾಸ್ತರ.’